ಗೆದ್ದಲಿನ ಪಾಲು

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯ ಬೇಸಗೆಯು ಎಂಥದೆಂಬುದನ್ನು ಈ ಭಾಗದ ವಾಚಕರಿಗೆ ಹೇಳಬೇಕಾದುದಿಲ್ಲ. ವೈಶಾಖದ ಬಿಸಿಲಿಗೆ ಎರೆಯ ಭೂಮಿಯು ಬಾಯ್ಬಿಡುವುದು. ಮಸಾರಿಯ ನೆಲವು ಮಳೆಯ ಹನಿಗಳ ಹೊಡೆತಕ್ಕೆ ಹೆಪ್ಪುಗಟ್ಟಿ, ಬಂದ ನೀರನ್ನು ಒಳಗೆ ಬಿಡದೆ ಹರಿಯಗೊಡುವುದು. ಇಂಥಲ್ಲಿ ಹಿತ್ತಲಿನಲ್ಲಿ ನಾಲ್ಕು ಮಲ್ಲಿಗೆಯ ಬಳ್ಳಿಗಳನ್ನೂ ಒಂದು ನಿಂಬೆಯ ಗಿಡವನ್ನೂ ಬೆಳೆಯಿಸಬಯಸುವ ಗೃಹಸ್ಥನು, ಹೊಲದಲ್ಲಿ ವ್ಯರ್ಥವಾಗಿ ಸುಟ್ಟುಹೋಗುವ ಹತ್ತಿಯ ಕಟ್ಟಿಗೆಯನ್ನೋ, ಬಡಿಗನ ಮನೆಯ ಚಕ್ಕೆಯನ್ನೋ, ನೆಲ್ಲುಹುಲ್ಲನ್ನೋ ತಂದು ಅವುಗಳ ಬುಡಕ್ಕೆ ನಾಲ್ಕು ಬೆರಳು ದಪ್ಪ ಹಾಸಿದರೆ ತೇವವು ಬೇಗನೆ ಆರದು. ಕ್ರಮೇಣ ಆ ಹೊದಿಕೆಯೇ ಮಣ್ಣಾಗುವುದು. ಇದರಲ್ಲಿ ವಿವಾದವಿಲ್ಲ. ವಿವಾದವಿರುವುದು ಹೊದಿಕೆಯ ಕೆಳಗೆ ಬರುವ ಅತಿಥಿಯ ವಿಷಯದಲ್ಲಿ.

ಕಟ್ಟಿಗೆ ಹಾಸಿದರೆ ಗೆದ್ದಲು ಹುಟ್ಟುವುದೆಂದು ಹಿರಿಯರು ಹೇಳುವರು. ಹುಟ್ಟುವುದಿಲ್ಲ, ನೆಲದಲ್ಲಿ ಅದು ಮೊದಲೇ ಇರುವುದು. ಅದರ ಮೈ ಅತಿ ಮೃದುವಾದುದು, ಒಣಗಾಳಿಯನ್ನು ತಾಳದು. ಆದುದರಿಂದಲೇ ಮಣ್ಣಿನ ನಾಳವನ್ನು ಕಟ್ಟಿಕೊಂಡು ಅದರ ಮರೆಯಲ್ಲಿ ಸಂಚರಿಸುವುದು; ತೇವವೂ ಆಹಾರವೂ ಒಂದೆಡೆ ದೊರೆತರೆ ಅಲ್ಲಿ ನೆರೆಯುವುದು. ಹಿರಿಯರು ಹೇಳುವ ಕಾರಣವು ತಪ್ಪಾದರೂ ಅವರ ಭಯವು ತಪ್ಪಲ್ಲ. ತೊಲೆ ಜಂತೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆಯ ಮನೆಯಲ್ಲಿ ಒಂದು ತೊಲೆಯು ಒಳಗೊಳಗೇ ಟೊಳ್ಳಾದರೆ, ಕೆಳಗೆ ಮಲಗಿದವರ ಗತಿಯೇನು? ಮಾನ್ವಿಯು ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರ ಊರು. ದಾಸರ ಪದಗಳನ್ನು ಹಸ್ತಪ್ರತಿಗಳಲ್ಲಿ ಕಾಪಾಡಿಕೊಂಡು ಬಂದ ನಾಡಿನಲ್ಲಿ ಗೆದ್ದಲೆಂಬುದು ಬರಿಯ ಮರದ ಮಾತೂ ಅಲ್ಲ.

ಆದರೂ ಈ ಹುಳುವನ್ನು ಚೋರನೆಂದು ಕರೆದು ಮುಗಿಸುವಂತಿಲ್ಲ. ಈ ನಾಡಿನಲ್ಲಿ ಹುತ್ತವನ್ನು ಕಟ್ಟುವ ಗೆದ್ದಲು, ತಾನು ತಂದ ಕಸಕಡ್ಡಿಯ ಮೇಲೆ ಒಂದು ಬಗೆಯ ಅಣಬೆಯನ್ನು ಬೆಳೆದು ಅದನ್ನುಣ್ಣುವುದು. ಎಂದಮೇಲೆ ಅದೂ ಒಂದು ವಿಧದ ಬೇಸಾಯಗಾರನೇ. ಆಫ್ರಿಕಾ ಖಂಡದ ಬುರ್ಕಿನಾ ಫಾಸೋ ದೇಶದಲ್ಲಿ ಗಟ್ಟಿಗೊಂಡ ಬರಡು ನೆಲದೊಳಗೆ ರೈತರು ಬೇಸಗೆಯಲ್ಲಿ ಗುಳಿ ತೋಡಿ ಗೊಬ್ಬರ ತುಂಬುವರು. ಅದಕ್ಕಾಗಿ ಬಂದ ಗೆದ್ದಲುಗಳು ಕೊರೆದ ಬಿಲಗಳಲ್ಲಿ ಮಳೆಯ ನೀರು ಇಳಿಯುವುದು. ಈ ಹಳೆಯ ಪದ್ಧತಿಯನ್ನು ಸುಧಾರಿಸಿ ಬೆಳೆಯನ್ನೂ ಕಾಡನ್ನೂ ಎಬ್ಬಿಸಿದ ಯಾಕೂಬಾ ಸವಾದೋಗೋ ಎಂಬ ರೈತನಿಗೆ 2018ರಲ್ಲಿ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ದೊರೆಯಿತು. ಅಲ್ಲಿ ಕರೆದು ಉಣಬಡಿಸುವ ಹುಳುವನ್ನೇ ಇಲ್ಲಿ ವಿಷವಿಕ್ಕಿ ಕೊಲ್ಲುವುದು. ಅದರಲ್ಲಿಯೂ ಶ್ರಾವಣದ ಪಂಚಮಿಯಂದು ಹುತ್ತಕ್ಕೆ ಹಾಲೆರೆದ ಕೈಯಿಂದಲೇ! (ಹಾಲು ನಾಗಪ್ಪನಿಗೆ, ಕಟ್ಟಿದವನಿಗಲ್ಲವೆಂದು ಯಾರಾದರೂ ಹೇಳಬಹುದು.) ವಿಷದ ಕಥೆಯೂ ಹಿತವಾದುದಲ್ಲ. ಗೆದ್ದಲಿಗೆಂದು ನೆಲಕ್ಕೆ ಹೊಯ್ಯುತ್ತಿದ್ದ ಆಲ್ಡ್ರಿನ್, ಕ್ಲೋರ್ಡೇನ್ ಮೊದಲಾದವು ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿದು ಪ್ರಾಣಿಗಳ ದೇಹವನ್ನು ಸೇರುವವೆಂದು ತಿಳಿದ ಮೇಲೆ, 2001ರ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಅವುಗಳನ್ನು ತ್ಯಾಜ್ಯವಸ್ತುಗಳ ಮೊದಲ ಪಟ್ಟಿಗೇ ಸೇರಿಸಲಾಯಿತು.

ಹಿತ್ತಲಿನಲ್ಲಿ ಉಪಕಾರಿಯಾದುದು ಹೊಸ್ತಿಲೊಳಗೆ ಅಪರಾಧಿಯಾಗುವುದು ಎಲ್ಲೆಯ ದೆಸೆಯಿಂದ. ಆ ಎಲ್ಲೆಯನ್ನು ಎಳೆದವನು ಮನುಷ್ಯನಾದುದರಿಂದ ಅದನ್ನು ಕಾಯುವ ಹೊಣೆಯೂ ಅವನದೇ. ಇಷ್ಟಕ್ಕೇ ಮುಗಿದಿದ್ದರೆ ಪ್ರಶ್ನೆಯು ಸುಲಭವಾಗಿತ್ತು. ರಾಯಚೂರಿನ ಹಳೆಯ ಪೇಟೆಯಲ್ಲಿ ಎರಡು ಮನೆಗಳಿಗೆ ಒಂದೇ ಗೋಡೆಯಿದ್ದರೆ? ಒಬ್ಬನು ಮಾಳಿಗೆಯನ್ನು ಕೆಡವಿ ಸಿಮೆಂಟಿನ ಛಾವಣಿ ಹಾಕಿಸಿರುವನು. ಪಕ್ಕದವನು ಅಜ್ಜನ ಕಾಲದ ತೊಲೆಗಳ ಕೆಳಗೇ ಇರುವನು. ಹೊದಿಕೆಯ ತಂಪು ಮೊದಲನೆಯವನಿಗೆ, ಅಪಾಯವು ಎರಡನೆಯವನಿಗೆ. ಇಂಥ ಸಂದರ್ಭದಲ್ಲಿ ಧೈರ್ಯದ ಮಾತನ್ನು ಸಿಮೆಂಟಿನ ಮನೆಯವನೇ ಆಡುವನು, ನೆರೆಯವನನ್ನು ಪುಕ್ಕಲನೆನ್ನುವನು, ಗೆದ್ದಲು ತನ್ನ ಹಿತ್ತಲಿನಿಂದಲೇ ಬಂದಿತೆಂಬುದಕ್ಕೆ ಸಾಕ್ಷಿಯೆಲ್ಲಿ ಎಂದು ಕೇಳುವನು. ಸಾಕ್ಷಿಯು ದೊರೆಯದೆಂಬುದು ನಿಜವೇ. ನೆಲದೊಳಗಿನ ದಾರಿಯನ್ನು ಕಂಡವರಾರು? ಆದರೆ ಸಿಕ್ಕಿಬೀಳಲಾರದ ತಪ್ಪಿನಲ್ಲಿ ಎಚ್ಚರವು ಹೆಚ್ಚಾಗಿರಬೇಕಲ್ಲದೆ ಕಡಿಮೆಯಾಗಲಾಗದು.

ಅಂಥವನು ಗೋಡೆಯ ಬುಡದಿಂದ ಒಂದು ಮೊಳ ನೆಲವನ್ನು ಬರಿದಾಗಿ ಬಿಟ್ಟು, ಅದರಾಚೆಗೆ ಚಕ್ಕೆಯನ್ನು ತೆಳುವಾಗಿ ಹಾಸಬಹುದು. ಹಿತ್ತಲೇ ಮೂರು ಮೊಳದ್ದಾದರೆ ಮಲ್ಲಿಗೆಯು ಕುಂಡಕ್ಕೆ ಹೋಗಬೇಕಾದೀತು. ಅದು ನಷ್ಟವೇ, ಸಂದೇಹವಿಲ್ಲ. ಮಳೆಗಾಲದಲ್ಲಿ ಗೋಡೆಯ ಬುಡವನ್ನು ಆಗಾಗ ಬಗ್ಗಿ ನೋಡುತ್ತಿರಬೇಕು. ಬೆರಳು ದಪ್ಪದ ಮಣ್ಣಿನ ನಾಳವೊಂದು ಮೇಲೇರಿದ್ದು ಕಂಡರೆ ಅದನ್ನು ಒಡೆದು ಸುಮ್ಮನಾಗದೆ, ಪಕ್ಕದ ಮನೆಯ ಬಾಗಿಲನ್ನು ತಟ್ಟಿ ಹೇಳಿಬರಬೇಕು.