ಇರುಳಿನ ಒಡೆತನ ಯಾರದು?

ಹಗಲು ದುಡಿಮೆಗೆ, ಇರುಳು ವಿಶ್ರಾಂತಿಗೆ ಎಂಬುದು ಯಾವ ಅರಸನೂ ಹೊರಡಿಸಿದ ಕಟ್ಟಳೆಯಲ್ಲ. ಮನುಷ್ಯನ ದೇಹದೊಡನೆಯೇ ಹುಟ್ಟಿಬಂದ ನಿಯಮವದು. ಧನವನ್ನು ಕಳೆದುಕೊಂಡವನು ಮತ್ತೆ ಗಳಿಸಬಲ್ಲನು. ಒಂದು ಹೊತ್ತಿನ ಊಟ ತಪ್ಪಿದವನು ಮರುಹೊತ್ತಿನಲ್ಲಿ ಉಂಡು ತಣಿಯಬಲ್ಲನು. ನಿದ್ರೆಯನ್ನಾದರೋ ಕೊಳ್ಳಲು ಬಾರದು, ಸಾಲವಾಗಿ ತರಲು ಬಾರದು, ಒಬ್ಬರಿಗಾಗಿ ಇನ್ನೊಬ್ಬರು ಮಾಡಲು ಬಾರದು. ಸಿರಿವಂತನಿಗೂ ಕೂಲಿಯವನಿಗೂ ನಿಸರ್ಗವು ಸಮನಾಗಿ ಹಂಚಿದ ಕೆಲವೇ ಸಂಪತ್ತುಗಳಲ್ಲಿ ಅದೊಂದು. ಅದರ ಒಡೆತನ ಯಾರದು ಎಂದು ನಮ್ಮ ಹಿರಿಯರು ಕೇಳಿಕೊಳ್ಳಬೇಕಾದ ಪ್ರಸಂಗವೇ ಬರಲಿಲ್ಲ. ಆದರೆ ನಮ್ಮ ಕಾಲದ ನಗರಜೀವನವು ಆ ಪ್ರಶ್ನೆಯನ್ನು ನಮ್ಮ ಮುಂದೆ ತಂದು ನಿಲ್ಲಿಸಿದೆ.

2024ರ ಫೆಬ್ರವರಿಯಲ್ಲಿ ಮಂಡಿತವಾದ ರಾಜ್ಯದ ಆಯವ್ಯಯದಲ್ಲಿ ಬೆಂಗಳೂರಿನಲ್ಲಿಯೂ ಇತರ ಕೆಲವು ಮಹಾನಗರಗಳಲ್ಲಿಯೂ ವ್ಯಾಪಾರದ ವೇಳೆಯನ್ನು ರಾತ್ರಿ 1 ಗಂಟೆಯವರೆಗೆ ವಿಸ್ತರಿಸುವ ಮಾತು ಬಂದಿತು. ಅದೇ ವರ್ಷ ಆದೇಶವೂ ಹೊರಟು, ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಸನ್ನದು ಪಡೆದ ಬಾರು, ಕ್ಲಬ್ಬು, ಹೋಟೆಲುಗಳು ರಾತ್ರಿ 1 ಗಂಟೆಯವರೆಗೆ ತೆರೆದಿರಬಹುದೆಂದಾಯಿತು. ಇಂದಿರಾನಗರ, ಕೋರಮಂಗಲಗಳಂತಹ ಬಡಾವಣೆಗಳು ಮೂಲತಃ ಜನವಸತಿಗೆಂದು ರಚಿತವಾದವು. ಕಾಲಕ್ರಮದಲ್ಲಿ ಅಲ್ಲಿನ ಹೆದ್ದಾರಿಯಂತಹ ಬೀದಿಗಳ ಎರಡೂ ಬದಿಗೆ ವ್ಯಾಪಾರ ಬೆಳೆಯಿತು. ಅದರ ಬೆನ್ನಿಗೆ ಅಂಟಿಕೊಂಡಂತೆ ಮನೆಗಳು ಉಳಿದುಕೊಂಡವು. ಪಬ್ಬುಗಳ ಸದ್ದನ್ನು ತಾಳಲಾರದೆ ಇಂದಿರಾನಗರದ ನಿವಾಸಿಗಳು ರಾಜ್ಯದ ಉಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದುದೂ ಉಂಟು. ಮನೆಗಳ ಮಗ್ಗುಲಲ್ಲಿರುವ ಪಾನಗೃಹಕ್ಕೆ ಇರುಳಿನ ಇನ್ನೊಂದು ಗಂಟೆಯನ್ನು ಕೊಡುವುದು ಧರ್ಮವೇ ಎಂಬುದು ಇಲ್ಲಿ ನಾವು ವಿಚಾರಿಸಬೇಕಾದ ವಿಷಯ.

ಮದ್ಯಪಾನವು ಒಳಿತೋ ಕೆಡುಕೋ ಎಂಬ ಚರ್ಚೆಯನ್ನು ಇದರೊಡನೆ ಬೆರೆಸಬಾರದು. ಈ ಪತ್ರಿಕೆಯ ವಾಚಕರಲ್ಲಿ ಬಹುಪಾಲು ಮಂದಿ ಆ ವಿಷಯದಲ್ಲಿ ಏನು ಬಗೆಯುತ್ತಾರೆಂಬುದು ತಿಳಿದದ್ದೇ ಆಗಿದೆ. ನಮ್ಮ ಸಂವಿಧಾನದ 47ನೆಯ ವಿಧಿಯೂ ಪಾನನಿರೋಧದ ಕಡೆಗೆ ಪ್ರಯತ್ನಿಸಬೇಕೆಂದು ರಾಜ್ಯಕ್ಕೆ ನಿರ್ದೇಶಿಸುತ್ತದೆ. ಆದರೆ ಆ ಅಸ್ತ್ರವನ್ನು ಇಲ್ಲಿ ಹೂಡಿದರೆ ಕುಡಿಯುವವನು ನಮ್ಮ ಮಾತನ್ನು ಕೇಳುವ ಮೊದಲೇ ಕಿವಿ ಮುಚ್ಚಿಕೊಳ್ಳುತ್ತಾನೆ. ಮದ್ಯವನ್ನು ಪಾಪವೆಂದು ಎಣಿಸದವನೂ ಒಪ್ಪಲೇಬೇಕಾದ ನ್ಯಾಯವೊಂದು ಇದ್ದರೆ ಅದನ್ನು ಮುಂದಿಡುವುದೇ ಲೇಸು.

ಎದುರುಪಕ್ಷದ ಮಾತನ್ನು ಮೊದಲು ಕೇಳೋಣ. ವಯಸ್ಕನಾದವನು ತನ್ನ ಬಿಡುವಿನ ವೇಳೆಯನ್ನು ಹೇಗೆ ಕಳೆಯಬೇಕೆಂಬುದನ್ನು ತಾನೇ ನಿರ್ಧರಿಸಬೇಕು ಎಂದು ಅವರು ಹೇಳುತ್ತಾರೆ. ಅನ್ಯದೇಶದ ಗಡಿಯಾರಕ್ಕೆ ಹೊಂದಿಕೊಂಡು ದುಡಿಯುವ ಸಹಸ್ರಾರು ತರುಣರಿಗೆ ರಾತ್ರಿ 10 ಗಂಟೆಯೇ ಸಾಯಂಕಾಲವಾಗಿರುತ್ತದೆ. ಪಾನಗೃಹವೆಂದರೆ ಮಾಲೀಕನೊಬ್ಬನ ಲಾಭವಷ್ಟೇ ಅಲ್ಲ. ಅಡುಗೆಯವನು, ಬಡಿಸುವವನು, ವಾದ್ಯ ನುಡಿಸುವವನು, ಕಾವಲಿನವನು, ಬಾಡಿಗೆಯ ವಾಹನ ಓಡಿಸುವವನು, ಇವರೆಲ್ಲರ ಅನ್ನವೂ ಅದರಲ್ಲಿದೆ. ಈ ಮಾತುಗಳು ಹುಸಿಯಲ್ಲ. ಬೆವರು ಸುರಿಸಿ ಉಣ್ಣುವ ಯಾರ ದುಡಿಮೆಯನ್ನೂ ಹಗುರವಾಗಿ ಕಾಣುವುದು ನಮಗೆ ತಕ್ಕುದಲ್ಲ.

ಆದರೆ ಈ ವಾದಗಳೆಲ್ಲವೂ ಗೋಡೆಯ ಒಳಗಿರುವವರನ್ನು ಕುರಿತವು. ಗೋಡೆಯ ಆಚೆಗಿರುವವನು ಈ ವ್ಯವಹಾರದಲ್ಲಿ ಎಲ್ಲಿದ್ದಾನೆ? ಮಾರುವವನಿಗೆ ಹಣ, ಕೊಳ್ಳುವವನಿಗೆ ಸುಖ, ಸನ್ನದು ಕೊಡುವವನಿಗೆ ಸುಂಕ. ಈ ಮೂವರೂ ಒಪ್ಪಿ ಮಾಡಿಕೊಂಡ ವಹಿವಾಟಿನಲ್ಲಿ ಬೆಲೆಯ ಒಂದು ಭಾಗವನ್ನು ತೆರುವವನು ನಾಲ್ಕನೆಯವನು. ಅವನು ಒಪ್ಪಿಲ್ಲ, ಅವನನ್ನು ಯಾರೂ ಕೇಳಿಯೂ ಇಲ್ಲ. ತಮ್ಮದನ್ನು ಕೊಡುವುದು ಔದಾರ್ಯ. ಇನ್ನೊಬ್ಬರದನ್ನು ಎತ್ತಿ ಕೊಡುವುದಕ್ಕೆ ಆ ಹೆಸರು ಸಲ್ಲದು. ಸರ್ಕಾರವು ಪಾನಗೃಹಕ್ಕೆ ಒಂದು ಗಂಟೆಯನ್ನು ದಯಪಾಲಿಸಿದಾಗ ಆ ಗಂಟೆ ಯಾರ ಭಂಡಾರದಿಂದ ಬಂದಿತೆಂದು ಕೇಳುವ ಹಕ್ಕು ನೆರೆಮನೆಯವನಿಗಿದೆ.

ಮಠದ ಪ್ರಸಾದನಿಲಯಗಳಲ್ಲಿದ್ದು ಓದಿದವರಿಗೆ ಈ ನ್ಯಾಯವು ಹೊಸದಲ್ಲ. ಹತ್ತಾರು ಹುಡುಗರು ಚಾಪೆ ಹಾಸಿ ಮಲಗುವ ಕೊಠಡಿಯಲ್ಲಿ ದೀಪ ಆರಿಸುವ ವೇಳೆಯೊಂದಿರುತ್ತದೆ. ಪರೀಕ್ಷೆ ಹತ್ತಿರ ಬಂದವನು ಇನ್ನೂ ಓದಬಯಸಿದರೆ ಪುಸ್ತಕವನ್ನು ಹಿಡಿದು ಪಡಸಾಲೆಗೆ ಹೋಗುತ್ತಾನಲ್ಲದೆ, ಮಲಗಿದವರ ಕಣ್ಣ ಮೇಲೆ ದೀಪವನ್ನು ಹಚ್ಚುವುದಿಲ್ಲ. ಓದು ಕೆಟ್ಟ ಕೆಲಸವೆಂದು ಅವನನ್ನು ಯಾರೂ ಹೊರಗೆ ಕಳುಹಿಸಲಿಲ್ಲ. ಎಚ್ಚರವಿರಬಯಸುವವನು ಸ್ಥಳವನ್ನು ಬದಲಿಸಬಲ್ಲನು, ಮಲಗಿದವನು ಬದಲಿಸಲಾರನು. ಆದುದರಿಂದ ಸರಿದುಕೊಳ್ಳಬೇಕಾದವನು ಎಚ್ಚರವಿರುವವನೇ. ವಿದ್ಯಾಭ್ಯಾಸದಂತಹ ಸತ್ಕಾರ್ಯವೇ ನಿದ್ರಿಸುವವನಿಗೆ ದಾರಿ ಬಿಡಬೇಕಾದಲ್ಲಿ, ವಿನೋದವು ಬಿಡಲಾರದೆನ್ನುವುದಕ್ಕೆ ಯಾವ ಆಧಾರವಿದೆ?

ಸಂಗೀತದ ಸದ್ದನ್ನು ತಗ್ಗಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಕಿಟಕಿ ಬಾಗಿಲುಗಳನ್ನು ಬಿಗಿಮಾಡಿ ಒಳಗಿನ ವಾದ್ಯವನ್ನು ಅಡಗಿಸಬಹುದು. ಹೊರಗೆ ಬಂದು ನಿಂತ ಜನರ ನಗೆಯನ್ನೂ ಜಗಳವನ್ನೂ ಅಡಗಿಸಲಾಗದು. ಮುಚ್ಚುವ ವೇಳೆಗೆ ಎಲ್ಲರೂ ಒಮ್ಮೆಗೇ ಬೀದಿಗಿಳಿಯುತ್ತಾರೆ. ವಾಹನಗಳು ಕೂಗಿ ಹೊರಡುತ್ತವೆ, ಅವುಗಳಿಗಾಗಿ ಕಾದವರು ಯಾರದೋ ಮನೆಯ ಜಗಲಿಯ ಮುಂದೆ ನಿಲ್ಲುತ್ತಾರೆ. ಬಳಿಕ ಅಡುಗೆಮನೆಯ ಪಾತ್ರೆ, ಖಾಲಿ ಸೀಸೆಗಳನ್ನು ಸುರಿಯುವ ಸಪ್ಪಳ. ಬಾಗಿಲು 1 ಗಂಟೆಗೆ ಮುಚ್ಚಿದರೂ ಬೀದಿ ನಿಶ್ಶಬ್ದವಾಗುವುದು ಅದಕ್ಕೂ ಬಹಳ ತಡವಾಗಿ. ನಸುಕಿನಲ್ಲಿ ಹಾಲು ಹಂಚಲು ಏಳಬೇಕಾದವನಿಗೂ ಬೆಳಗಾಗುತ್ತಲೇ ಬೀದಿ ಗುಡಿಸಲು ಹೊರಡಬೇಕಾದ ಪೌರಕಾರ್ಮಿಕಳಿಗೂ ಆ ಮೇಲೆ ಉಳಿಯುವ ಇರುಳೆಷ್ಟು?

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10 ಗಂಟೆಯಿಂದ ಬೆಳಗಿನ 6 ಗಂಟೆಯವರೆಗಿನ ಕಾಲವನ್ನು ಇರುಳೆಂದು ಗುರುತಿಸಿವೆ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ಇರುಳಿನ ಮಿತಿ 45 ಡೆಸಿಬೆಲ್. ಈ ಅಳತೆಯಲ್ಲಿ 10ರ ಇಳಿಕೆಯೆಂದರೆ ಶಬ್ದದ ಶಕ್ತಿಯು ಹತ್ತನೆಯ ಒಂದು ಪಾಲಿಗೆ ಇಳಿಯಬೇಕೆಂದು ಅರ್ಥ. 2005ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು ಶಬ್ದಮಾಲಿನ್ಯವನ್ನು ಕುರಿತು ನೀಡಿದ ತೀರ್ಪಿನಲ್ಲಿ, ನೆಮ್ಮದಿಯಿಂದ ಬಾಳುವುದು ಸಂವಿಧಾನದ 21ನೆಯ ವಿಧಿಯು ಕೊಟ್ಟ ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆಯೆಂದೂ, ಒಲ್ಲದವನ ಕಿವಿಗೆ ಸದ್ದನ್ನು ತುರುಕುವ ಹಕ್ಕು ಯಾರಿಗೂ ಇಲ್ಲವೆಂದೂ ಎತ್ತಿಹಿಡಿಯಿತು. 10 ಗಂಟೆಗೆ ಇರುಳು ಆರಂಭವಾಗುತ್ತದೆಂದು ಒಂದು ನಿಯಮವು ಹೇಳುತ್ತಿರಲು, ಅದೇ ಬೀದಿಯಲ್ಲಿ 1 ಗಂಟೆಯವರೆಗೆ ಸಂಜೆಯೇ ಎಂದು ಇನ್ನೊಂದು ಆದೇಶವು ನಟಿಸುವುದು ಹೇಗೆ?

ನಮ್ಮ ರಾಜ್ಯದ ಅಬಕಾರಿ ನಿಯಮಗಳಲ್ಲಿ ಇನ್ನೊಂದು ವಿಚಿತ್ರವನ್ನು ಕಾಣುತ್ತೇವೆ. 1967ರ ಸಾಮಾನ್ಯ ಷರತ್ತುಗಳ ನಿಯಮಗಳ ಮೇರೆಗೆ ಧಾರ್ಮಿಕ ಸಂಸ್ಥೆ, ವಿದ್ಯಾಸಂಸ್ಥೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸನ್ನದು ಕೊಡಲಾಗದು. ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹೆಚ್ಚಾಗಿರುವ ವಸತಿ ಪ್ರದೇಶಕ್ಕೂ ರಕ್ಷಣೆಯುಂಟು. ಉಳಿದ ಮನೆಗಳಿಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ಹಗಲಿನ ಮಟ್ಟಿಗೆ ಇದು ಸರಿಯೆನಿಸಬಹುದು. ಆದರೆ ರಾತ್ರಿ 12 ಗಂಟೆಗೆ ಶಾಲೆಯಲ್ಲಿ ಮಗುವಿಲ್ಲ, ಕಚೇರಿಯಲ್ಲಿ ಗುಮಾಸ್ತನಿಲ್ಲ, ಗುಡಿಯ ಬಾಗಿಲು ಮುಚ್ಚಿದೆ. ಶಾಲೆಯ ಮಗುವೂ ಆಸ್ಪತ್ರೆಯಿಂದ ಮರಳಿದ ರೋಗಿಯೂ ಕಚೇರಿಯಿಂದ ದಣಿದು ಬಂದವನೂ ಆ ಹೊತ್ತಿಗೆ ಮನೆಯಲ್ಲಿದ್ದಾರೆ. ಬರಿಯ ಕಟ್ಟಡಗಳನ್ನು ಕಾಯುವ ನಿಯಮವು ಅವುಗಳಿಂದ ಮನೆಗೆ ಹೋದ ಜನರನ್ನು ಕಾಯಲು ಮರೆತಿದೆ.

ಕೇವಲ ಒಂದು ಗಂಟೆಯಿಂದ ಏನು ಮುಳುಗಿಹೋಗುತ್ತದೆ ಎಂಬ ಮಾತೂ ಇದೆ. ಇದಕ್ಕೆ ಅನ್ಯದೇಶಗಳ ಅನುಭವವನ್ನು ನೋಡಬಹುದು. ನಾರ್ವೆಯ 18 ನಗರಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವು, ಮುಚ್ಚುವ ವೇಳೆಯ ಒಂದೊಂದು ಗಂಟೆಯ ವಿಸ್ತರಣೆಗೂ ಇರುಳಿನ ಹಲ್ಲೆಗಳು ಶೇಕಡಾ 16ರಷ್ಟು ಹೆಚ್ಚಿದುದನ್ನು ಕಂಡಿತು. ಆಸ್ಟ್ರೇಲಿಯದ ನ್ಯೂಕ್ಯಾಸಲ್ ನಗರದಲ್ಲಿ 2008ರಲ್ಲಿ ಪಾನಗೃಹಗಳ ಮುಚ್ಚುವ ವೇಳೆಯನ್ನು ನಸುಕಿನ 5 ಗಂಟೆಯಿಂದ ಹಿಂದಕ್ಕೆ ತಂದಾಗ ಹಲ್ಲೆಗಳು ಮೂರನೆಯ ಒಂದು ಪಾಲಿಗಿಂತ ಹೆಚ್ಚು ಇಳಿದವು. ಬ್ರೆಜಿಲಿನ ಡಿಯಾಡೆಮಾ ಎಂಬ ಊರಿನಲ್ಲಿ 2002ರಿಂದ ರಾತ್ರಿ 11 ಗಂಟೆಗೆ ಮದ್ಯಮಾರಾಟವನ್ನು ನಿಲ್ಲಿಸಿದ ಬಳಿಕ ಕೊಲೆಗಳು ತಿಂಗಳಿಗೆ ಸುಮಾರು 9ರಷ್ಟು ಕಡಿಮೆಯಾದವೆಂದು ಲೆಕ್ಕಹಾಕಲಾಗಿದೆ. ಎಲ್ಲೆಡೆಯೂ ಫಲ ಒಂದೇ ಆಗಿಲ್ಲವೆಂಬುದನ್ನೂ ಹೇಳಬೇಕು. 2005ರ ನವೆಂಬರಿನಲ್ಲಿ ಇಂಗ್ಲೆಂಡು ವೇಳೆಯ ಕಟ್ಟನ್ನು ಸಡಿಲಿಸಿದಾಗ ಒಟ್ಟು ಅಪರಾಧಗಳು ಏರಲಿಲ್ಲ. ಅವುಗಳಲ್ಲಿ ಕೆಲವು ನಸುಕಿನ ವೇಳೆಗೆ ಸರಿದವು. ನಸುಕು ಎಂದರೆ ಇತರರು ಗಾಢನಿದ್ರೆಯಲ್ಲಿರುವ ಹೊತ್ತು ಎಂಬುದನ್ನು ಮಾತ್ರ ಮರೆಯಬಾರದು.

ಬೊಕ್ಕಸದ ಮಾತು ಉಳಿಯಿತು. 2024-25ರ ಆಯವ್ಯಯದಲ್ಲಿ ಅಬಕಾರಿಯಿಂದ 38,525 ಕೋಟಿ ರೂಪಾಯಿಗಳನ್ನು ನಿರೀಕ್ಷಿಸಲಾಗಿತ್ತು. ಶಾಲೆಗೂ ರಸ್ತೆಗೂ ಹಣ ಬೇಕು ನಿಜ. ಆದರೆ ಮದ್ಯದ ಒಂದೊಂದು ಲೋಟದಲ್ಲಿಯೂ ಪಾಲುಳ್ಳ ಸರ್ಕಾರವು ಮಾರುವವನಿಗೂ ಮಲಗುವವನಿಗೂ ನಡುವೆ ನ್ಯಾಯ ಹೇಳಲು ಕುಳಿತಾಗ, ಅದು ತನ್ನ ಪಾಲನ್ನು ಮರೆತು ತಕ್ಕಡಿಯನ್ನು ಹಿಡಿಯಬೇಕು. ಪಾಲುದಾರನೇ ಪಂಚನಾದಾಗ ತೀರ್ಪಿನ ಮೇಲೆ ಹೆಚ್ಚಿನ ಎಚ್ಚರ ಅವಶ್ಯಕ.

ಈ ಭಾರವು ಎಲ್ಲರ ಮೇಲೂ ಸಮನಾಗಿ ಬೀಳುವುದೂ ಇಲ್ಲ. ಉಳ್ಳವನು ಕಿಟಕಿಗೆ ಇಮ್ಮಡಿ ಗಾಜನ್ನು ಹಾಕಿಸಿಯಾನು. ತೀರ ಬೇಸತ್ತರೆ ಮನೆಯನ್ನು ಅಂಗಡಿಗೇ ಬಾಡಿಗೆಗೆ ಕೊಟ್ಟು ಬೇರೆಡೆಗೆ ಹೋದಾನು. ಹಿಂಬದಿಯ ಒಂದೇ ಕೋಣೆಯಲ್ಲಿ ಬಾಡಿಗೆಗಿರುವವನೂ ಕಟ್ಟಡದ ನೆಲಮಾಳಿಗೆಯಲ್ಲಿ ಸಂಸಾರ ಹೂಡಿದ ಕಾವಲುಗಾರನೂ ಎಲ್ಲಿಗೆ ಹೋಗಬೇಕು? ನಿಸರ್ಗವು ಸಮನಾಗಿ ಹಂಚಿದ್ದನ್ನು ನಾವು ಅಸಮವಾಗಿ ಹಂಚುತ್ತಿದ್ದೇವೆ.

ಇಷ್ಟನ್ನು ಹೇಳಿದ ಮೇಲೆ ಭಕ್ತಸಮುದಾಯವು ತನ್ನ ಅಂಗಳವನ್ನೂ ನೋಡಿಕೊಳ್ಳುವುದು ಧರ್ಮ. ಮಲಗಿದವನಿಗೆ ಸದ್ದು ಸದ್ದೇ. ಅದು ಬಾರಿನಿಂದ ಬಂದರೂ ಭಜನೆಯಿಂದ ಬಂದರೂ ಅವನ ನಿದ್ರೆ ಕೆಡುವುದು ಒಂದೇ ರೀತಿ. ಉತ್ಸವಗಳಿಗಾಗಿ ವರ್ಷದಲ್ಲಿ 15 ದಿನಗಳನ್ನು ಮೀರದಂತೆ, ಮಧ್ಯರಾತ್ರಿ 12ರವರೆಗೆ ಧ್ವನಿವರ್ಧಕಕ್ಕೆ ಸಡಿಲಿಕೆ ಕೊಡಲು ನಿಯಮವು ರಾಜ್ಯಕ್ಕೆ ಅವಕಾಶವಿತ್ತಿದೆ. ಆ ಮಿತಿಯನ್ನು ನಾವು ಮೀರುತ್ತಾ ಪಾನಗೃಹದ ಕಡೆಗೆ ಬೆರಳು ತೋರಿದರೆ ನಮ್ಮ ಮಾತಿಗೆ ಬಲವಿರದು. ಹಾಗೆಯೇ, ದೇವರ ಉತ್ಸವಕ್ಕೇ ವರ್ಷದ 15 ದಿನ, 12 ಗಂಟೆ ಎಂಬ ಕಟ್ಟು ಇರುವಾಗ, ಮದ್ಯದ ವ್ಯಾಪಾರಕ್ಕೆ ವರ್ಷವಿಡೀ 1 ಗಂಟೆಯವರೆಗೆ ಬಿಡುವು ಹೇಗೆ ಸಲ್ಲುತ್ತದೆಂದು ಕೇಳುವ ಅಧಿಕಾರವೂ ಕಟ್ಟನ್ನು ಪಾಲಿಸಿದವರಿಗೇ ಬರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಇಡೀ ನಗರಕ್ಕೆ ಒಂದೇ ವೇಳೆ ಎಂಬುದು ಆಡಳಿತಕ್ಕೆ ಸುಲಭ, ನ್ಯಾಯಕ್ಕೆ ದೂರ. ಮನೆಗಳಿಲ್ಲದ ವಾಣಿಜ್ಯ ಪ್ರದೇಶಕ್ಕೆ ಒಂದು ವೇಳೆ, ಮನೆಗಳ ಗೋಡೆಗೆ ಅಂಟಿದ ಬೀದಿಗೆ ಇನ್ನೊಂದು ವೇಳೆ ಇರಲಿ. ವೇಳೆಯನ್ನು ವಿಸ್ತರಿಸುವ ಮೊದಲು ಸುತ್ತಲಿನ ನಿವಾಸಿಗಳನ್ನು, ಬಾಡಿಗೆದಾರರನ್ನೂ ಒಳಗೊಂಡಂತೆ, ಕರೆದು ಕೇಳಲಿ. ಕಟ್ಟನ್ನು ಸಡಿಲಿಸಿದ ಇಂಗ್ಲೆಂಡಿನ 2003ರ ಕಾಯಿದೆಯೇ ನೆರೆಹೊರೆಯವರಿಗೆ ಸನ್ನದಿನ ವಿರುದ್ಧ ಹೇಳಿಕೆ ಕೊಡುವ, ಬಳಿಕವೂ ಅದರ ಮರುಪರಿಶೀಲನೆಯನ್ನು ಕೋರುವ ಹಕ್ಕನ್ನು ಕೊಟ್ಟಿದೆ. ಅಲ್ಲಿನ ಸಡಿಲಿಕೆಯನ್ನು ಅನುಕರಿಸುವವರು ಈ ಹಕ್ಕನ್ನೂ ಅನುಕರಿಸಲಿ. ಕೊಟ್ಟ ಗಂಟೆಯು ಶಾಶ್ವತವಾದ ಆಸ್ತಿಯಾಗದೆ, ನೆರೆಯವರ ನೆಮ್ಮದಿ ಕೆಟ್ಟಲ್ಲಿ ಹಿಂದಕ್ಕೆ ಪಡೆಯಬಹುದಾದ ಪರೀಕ್ಷೆಯ ಕಾಲವಾಗಿರಲಿ.

ನಾಡಿನ ನಾನಾ ಕಡೆಗಳಲ್ಲಿ ಅಧಿಕಾರದ ಸ್ಥಾನಗಳಲ್ಲಿಯೂ ಉದ್ಯಮಗಳಲ್ಲಿಯೂ ಇರುವ ಮಠದ ಹಳೆಯ ವಿದ್ಯಾರ್ಥಿಗಳು ಹಲವರು. ಇಂತಹ ಕಡತವೊಂದು ಅವರ ಮೇಜಿನ ಮೇಲೆ ಬರಬಹುದು. ಇಂತಹ ಬೀದಿಯಲ್ಲಿ ಅವರದೇ ಒಂದು ಕಟ್ಟಡವಿರಬಹುದು. ಆಗ ಅವರು ರುಜು ಹಾಕುವ ಮೊದಲು ಒಂದು ರಾತ್ರಿ 1 ಗಂಟೆಗೆ ಆ ಬೀದಿಯ ಹಿಂಬದಿಯ ಓಣಿಯಲ್ಲಿ ನಿಂತು ಕೇಳಲಿ. ಕಾಗದದ ಮೇಲೆ ಒಂದು ಅಂಕಿಯಾಗಿ ಕಾಣುವ ಆ ಗಂಟೆಯು ಅಲ್ಲಿ ಅಳುವ ಕೂಸಾಗಿ, ಹೊರಳಾಡುವ ಮುದುಕಿಯಾಗಿ, ನಾಲ್ಕಕ್ಕೆ ಏಳಬೇಕಾದ ಕೂಲಿಯವನ ತೆರೆದ ಕಣ್ಣಾಗಿ ಕಾಣಿಸಿಕೊಳ್ಳುತ್ತದೆ. ಅದನ್ನು ಕಂಡ ಬಳಿಕ ಅವರು ಏನನ್ನು ಬರೆದರೂ ತಿಳಿದು ಬರೆದಂತಾಗುತ್ತದೆ.