ಶಿಖರದ ಆಚೆ ನೀರು, ಈಚೆ ಜನ

ಅಮೆರಿಕದ ಭೂಪಟದಲ್ಲಿ ಕೊಲೊರಾಡೋ ರಾಜ್ಯವನ್ನು ಗುರುತಿಸುವುದು ಸುಲಭ. ನಾಲ್ಕು ಕಡೆಯೂ ನೇರ ಗೆರೆ. ನದಿಯಾಗಲಿ ಬೆಟ್ಟವಾಗಲಿ ಎಲ್ಲೂ ಗಡಿಯಾಗಿಲ್ಲ. ಅಕ್ಷಾಂಶ ರೇಖಾಂಶ ನೋಡಿ ಕಾಗದದ ಮೇಲೆ ಎಳೆದ ರಾಜ್ಯ ಇದು. ಆದರೆ ಇಲ್ಲಿನ ರೈತರು, ಶಾಸಕರು, ನ್ಯಾಯಾಧೀಶರು ನೂರೈವತ್ತು ವರ್ಷಗಳಿಂದ ತಲೆಕೆಡಿಸಿಕೊಂಡಿರುವುದು ಬೇರೊಂದು ಗೆರೆಯ ಬಗ್ಗೆ. ರಾಕಿ ಪರ್ವತಗಳ ನೆತ್ತಿಯ ಮೇಲೆ ಅಂಕುಡೊಂಕಾಗಿ ಸಾಗುವ ಆ ಗೆರೆಗೆ ಕಾಂಟಿನೆಂಟಲ್ ಡಿವೈಡ್ ಎಂದು ಹೆಸರು. ಅದರ ಪಶ್ಚಿಮಕ್ಕೆ ಬಿದ್ದ ಹಿಮ ಕರಗಿ ಕೊಲೊರಾಡೋ ನದಿ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಸೌತ್ ಪ್ಲಾಟ್, ಅರ್ಕನ್ಸಾ, ರಿಯೋ ಗ್ರಾಂಡ್ ನದಿಗಳ ಪಾಲು.

1876ರ ಆಗಸ್ಟ್ 1ರಂದು ಕೊಲೊರಾಡೋ 38ನೇ ರಾಜ್ಯವಾಯಿತು. ಅದು ಅಮೆರಿಕದ ಸ್ವಾತಂತ್ರ್ಯದ ನೂರನೇ ವರ್ಷವಾದ್ದರಿಂದ ‘ಸೆಂಟೆನಿಯಲ್ ಸ್ಟೇಟ್’ ಎಂಬ ಅಡ್ಡಹೆಸರು ಅಂಟಿಕೊಂಡಿತು. ವಿಸ್ತೀರ್ಣ ಸುಮಾರು 2.69 ಲಕ್ಷ ಚದರ ಕಿಲೋಮೀಟರ್, ಅಂದರೆ ಕರ್ನಾಟಕಕ್ಕಿಂತ ಸಾಕಷ್ಟು ದೊಡ್ಡದು. ಜನಸಂಖ್ಯೆ ಮಾತ್ರ 2020ರ ಜನಗಣತಿಯಲ್ಲಿ 58 ಲಕ್ಷವನ್ನೂ ಮುಟ್ಟಲಿಲ್ಲ. ಹದಿನಾಲ್ಕು ಸಾವಿರ ಅಡಿ ಮೀರಿದ ಶಿಖರಗಳೇ ಐವತ್ತಕ್ಕೂ ಹೆಚ್ಚಿವೆ. ಎಲ್ಲಕ್ಕಿಂತ ಎತ್ತರದ ಮೌಂಟ್ ಎಲ್ಬರ್ಟ್ 14,440 ಅಡಿ. ರಾಜ್ಯದ ಅತಿ ತಗ್ಗಿನ ಜಾಗವೂ 3,300 ಅಡಿಗಿಂತ ಮೇಲಿದೆ!

ರಾಜಧಾನಿ ಡೆನ್ವರ್ ಇರುವುದು ಸಮುದ್ರಮಟ್ಟದಿಂದ ಸರಿಯಾಗಿ ಒಂದು ಮೈಲಿ ಎತ್ತರದಲ್ಲಿ. ಚಿನ್ನದ ಗುಮ್ಮಟದ ಶಾಸನಭವನದ ಪಶ್ಚಿಮ ಮೆಟ್ಟಿಲುಗಳ ಮೇಲೆ ಆ ಎತ್ತರದ ಗುರುತು ಒಂದಲ್ಲ, ಮೂರು ಕಡೆ ಇದೆ. ಮೊದಲು ಹದಿನೈದನೇ ಮೆಟ್ಟಿಲಿನಲ್ಲಿ ಕೆತ್ತಿದರು, 1969ರಲ್ಲಿ ಅಳೆದಾಗ ಅದು ಹದಿನೆಂಟಕ್ಕೆ ಏರಿತು, 2003ರ ಅಳತೆಯಲ್ಲಿ ಹದಿಮೂರಕ್ಕೆ ಇಳಿಯಿತು. ಇಲ್ಲಿ ನೀರು ಕುದಿಯುವುದೇ 95 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಕುಕ್ಕರ್ ಇಲ್ಲದ ಮನೆಯಲ್ಲಿ ತೊಗರಿಬೇಳೆ ಬೇಯಿಸಲು ಹೊರಟವರ ತಾಳ್ಮೆ ಪರೀಕ್ಷೆಯಾಗುತ್ತದೆ.

ಪೆಸಿಫಿಕ್ ಕಡೆಯಿಂದ ಬರುವ ತೇವದ ಗಾಳಿ ಬೆಟ್ಟ ಹತ್ತುವಾಗಲೇ ಬಹುಪಾಲು ಹಿಮವನ್ನು ಸುರಿದುಬಿಡುತ್ತದೆ. ಪೂರ್ವದ ಬಯಲಿಗೆ ಉಳಿಯುವುದು ಮಳೆನೆರಳು. ಡೆನ್ವರ್‌ಗೆ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿದರೂ ಹದಿನೈದು ಇಂಚಿನಷ್ಟು. ಚಳಿಗಾಲದಲ್ಲಿ ಬೆಟ್ಟದಿಂದ ಇಳಿಯುವ ಚಿನೂಕ್ ಎಂಬ ಬಿಸಿಗಾಳಿ ಅಂಗಳದ ಹಿಮವನ್ನು ಕೆಲವೇ ಗಂಟೆಗಳಲ್ಲಿ ಕರಗಿಸುವುದುಂಟು. ಬೇಸಿಗೆಯ ಮಧ್ಯಾಹ್ನ ಶಿಖರಗಳ ಮೇಲೆ ಗುಡುಗು ಸಿಡಿಲು ಮಾಮೂಲು. ಅದಕ್ಕೇ ಚಾರಣಿಗರು ನಸುಕಿಗೆ ಮುಂಚೆಯೇ ಹೊರಟು, ಹೊತ್ತು ನೆತ್ತಿಗೇರುವುದರೊಳಗೆ ಕೆಳಗಿಳಿಯುತ್ತಾರೆ.

ಹೀಗಾಗಿ ರಾಜ್ಯದ ನೀರಿನ ಸುಮಾರು ಶೇ. 80 ಭಾಗ ಪಶ್ಚಿಮದಲ್ಲಿ, ಜನರಲ್ಲಿ ಬಹುಪಾಲು ಪೂರ್ವದಲ್ಲಿ. ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಬೆಟ್ಟವನ್ನೇ ಕೊರೆಯುವುದು. ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಅಡಿಯಲ್ಲಿ 13 ಮೈಲಿ ಉದ್ದದ ಆಡಮ್ಸ್ ಸುರಂಗ 1947ರಿಂದ ಪಶ್ಚಿಮದ ನೀರನ್ನು ಪೂರ್ವಕ್ಕೆ ಹರಿಸುತ್ತಿದೆ.

ಕಾನೂನೂ ಈ ಬರದಿಂದಲೇ ಹುಟ್ಟಿತು. 1879ರ ಒಣ ವರ್ಷದಲ್ಲಿ ಸೇಂಟ್ ವ್ರೇನ್ ಹೊಳೆಯ ದಂಡೆಯ ರೈತರು ಒಂದು ಕಾಲುವೆ ಕಂಪನಿಯ ಒಡ್ಡನ್ನು ಒಡೆದುಹಾಕಿದರು. ಹೊಳೆ ನಮ್ಮ ಹೊಲದ ಪಕ್ಕದಲ್ಲಿದೆ, ನೀರೂ ನಮ್ಮದೇ ಎಂಬುದು ಅವರ ವಾದ. 1882ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು: ಯಾರು ಮೊದಲು ನೀರನ್ನು ತಿರುಗಿಸಿ ಬಳಕೆಗೆ ತಂದರೋ ಅವರಿಗೇ ಮೊದಲ ಹಕ್ಕು. 1969ರ ಕಾಯ್ದೆ ರಾಜ್ಯಕ್ಕೆ ಏಳು ಜಲನ್ಯಾಯಾಲಯಗಳನ್ನು ಕೊಟ್ಟಿತು. ಕೌಂಟಿಗಳು 64 ಇದ್ದರೂ ಈ ನ್ಯಾಯಾಲಯಗಳ ವ್ಯಾಪ್ತಿ ಹಂಚಿಕೆಯಾಗಿರುವುದು ನದೀಪಾತ್ರಗಳ ಪ್ರಕಾರ. ಸೂರಿನ ನೀರು ಕೂಡ ಕೆಳಗಿನ ಹಕ್ಕುದಾರನದೇ ಎಂಬ ತರ್ಕದಿಂದ ಬಹುತೇಕ ಮನೆಗಳಿಗೆ ಮಳೆನೀರು ಹಿಡಿಯುವುದು ನಿಷಿದ್ಧವಾಗಿತ್ತು. 2016ರಲ್ಲಿ ಎರಡು ಪೀಪಾಯಿಗೆ, ಒಟ್ಟು 110 ಗ್ಯಾಲನ್‌ಗೆ, ಅನುಮತಿ ಸಿಕ್ಕಿತು. ಮಳೆಕೊಯ್ಲು ಮಾಡದಿದ್ದರೆ ದಂಡ ಬೀಳುವ ಬೆಂಗಳೂರಿನಿಂದ ಬಂದವರಿಗೆ ಇದು ನಂಬಲಾಗದ ಸಂಗತಿ.

ಆಡಳಿತದ ಚೌಕಟ್ಟು ಸರಳ: 35 ಸದಸ್ಯರ ಸೆನೆಟ್, 65 ಸದಸ್ಯರ ಕೆಳಮನೆ, ನಾಲ್ಕು ವರ್ಷಕ್ಕೊಮ್ಮೆ ಚುನಾಯಿತನಾಗುವ ಗವರ್ನರ್. ಆದರೆ ದೊಡ್ಡ ತೀರ್ಮಾನಗಳನ್ನು ಮತದಾರರು ತಮ್ಮ ಕೈಯಲ್ಲೇ ಇಟ್ಟುಕೊಳ್ಳಲು ಇಷ್ಟಪಡುತ್ತಾರೆ. 1893ರಲ್ಲಿ ಇಲ್ಲಿನ ಗಂಡಸರು ಮತ ಹಾಕಿ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟರು; ಮರುವರ್ಷವೇ ಮೂವರು ಮಹಿಳೆಯರು ಕೆಳಮನೆಗೆ ಆಯ್ಕೆಯಾದರು. ಡೆನ್ವರ್‌ಗೆ ದಕ್ಕಿದ್ದ 1976ರ ಚಳಿಗಾಲದ ಒಲಿಂಪಿಕ್ಸ್‌ಗೆ ಹಣ ಕೊಡಲು 1972ರಲ್ಲಿ ಜನ ಒಪ್ಪಲಿಲ್ಲ, ಕ್ರೀಡಾಕೂಟ ಇನ್ಸ್‌ಬ್ರುಕ್ ಪಾಲಾಯಿತು. 1992ರ ತಿದ್ದುಪಡಿಯಂತೆ, ಜನರ ಒಪ್ಪಿಗೆಯಿಲ್ಲದೆ ತೆರಿಗೆ ಏರಿಸುವಂತಿಲ್ಲ.

ಹಳೆಯ ಹಕ್ಕಿನ ಬೆಲೆ ಈಗಲೂ ಏರುತ್ತಲೇ ಇದೆ. ಗ್ಲೆನ್‌ವುಡ್ ಕಣಿವೆಯ ಶೋಶೋನಿ ಜಲವಿದ್ಯುತ್ ಸ್ಥಾವರಕ್ಕೆ ಕೊಲೊರಾಡೋ ನದಿಯ ಮೇಲೆ 1902ರ ಹಕ್ಕಿದೆ. ಆ ಹಕ್ಕು ಇರುವವರೆಗೆ ಮೇಲಿನವರು ನದಿಯನ್ನು ಪೂರ್ತಿ ತಿರುಗಿಸಿಕೊಳ್ಳುವಂತಿಲ್ಲ. ಅದಕ್ಕಾಗಿ 2023ರ ಕೊನೆಯಲ್ಲಿ ಪಶ್ಚಿಮ ಭಾಗದ ನದೀ ಸಂಸ್ಥೆಯೊಂದು ವಿದ್ಯುತ್ ಕಂಪನಿಯಿಂದ ಅದನ್ನು ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು. ಬೆಲೆ ಹತ್ತಿರಹತ್ತಿರ ಹತ್ತು ಕೋಟಿ ಡಾಲರ್.