ಬರುತ್ತೆ ಎನ್ನಬೇಕೋ, ಬರೋಲ್ಲ ಎನ್ನಬೇಕೋ

ನಮ್ಮ ಚಿಕ್ಕಮ್ಮ ಗುಮಾಸ್ತೆಯಾಗಿದ್ದುದು ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದಲ್ಲಿ. ಜನರ ಬಾಯಲ್ಲಿ ಅದು ‘ಕೆಲಸ ಕೊಡಿಸೋ ಆಫೀಸು’. “ಇಪ್ಪತ್ತಾರು ವರ್ಷ ಅಲ್ಲಿ ಕೂತೆ ಕಣೇ, ನನ್ನ ಕೈಯಾರೆ ಒಬ್ಬರಿಗೂ ಕೆಲಸ ಕೊಡಿಸಲಿಲ್ಲ” ಎಂದು ನಿವೃತ್ತಿಯಾದ ಮೇಲೆ ಅವರು ನಗುತ್ತಾ ಹೇಳುತ್ತಿದ್ದರು.

ಅವರು ಹೇಳಿದ್ದು ನಿಜವೇ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ, ಸೇನೆಯಿಂದ ಮನೆಗೆ ಮರಳಿದ ಸೈನಿಕರಿಗೆ ದಾರಿ ತೋರಿಸಲೆಂದು ಹುಟ್ಟಿದ ವ್ಯವಸ್ಥೆ ಅದು. ಆಮೇಲೆ ಎಲ್ಲರಿಗೂ ಬಾಗಿಲು ತೆರೆಯಿತು. 1956ರಲ್ಲಿ ಅದರ ಆಡಳಿತ ರಾಜ್ಯಗಳ ಕೈಗೆ ಬಂತು. 1959ರ ಕಾಯಿದೆಯ ಪ್ರಕಾರ ಸರ್ಕಾರಿ ಕಚೇರಿಗಳೂ, 25 ಅಥವಾ ಹೆಚ್ಚು ಜನ ದುಡಿಯುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ಕೇಂದ್ರಕ್ಕೆ ತಿಳಿಸಬೇಕಿತ್ತು. ಆದರೆ ಕೇಂದ್ರ ಕಳಿಸಿದವರನ್ನೇ ಸೇರಿಸಿಕೊಳ್ಳಬೇಕೆಂಬ ಕಟ್ಟುಪಾಡನ್ನು ಆ ಕಾಯಿದೆ ಹೇರಲಿಲ್ಲ. ಜಾತಕ ತಂದುಕೊಡುವುದು ಒಬ್ಬರು, ಒಪ್ಪುವುದು ಗಂಡಿನ ಮನೆಯವರು ಅಲ್ಲವೇ? ಹಾಗೆಯೇ ಇದೂ.

ಕಿಟಕಿಯ ಮುಂದೆ ಬೆಳಿಗ್ಗೆಯೇ ಸಾಲು. ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಹಿಡಿದ ಹುಡುಗ ಹುಡುಗಿಯರು. ಹೆಸರು ನೋಂದಾಯಿಸಿದ ದಿನದಿಂದ ಸೀನಿಯಾರಿಟಿ. ಮೂರು ವರ್ಷಕ್ಕೊಮ್ಮೆ ಕಾರ್ಡು ನವೀಕರಿಸದಿದ್ದರೆ ಅದೂ ಹೋಯಿತು. ಎಲ್ಲರದೂ ಒಂದೇ ಪ್ರಶ್ನೆ: “ಮೇಡಂ, ಯಾವಾಗ ಬರುತ್ತೆ?”

ಮೊದಮೊದಲು ಚಿಕ್ಕಮ್ಮ “ಬರುತ್ತೆ, ಕಾಯಿರಿ” ಎನ್ನುತ್ತಿದ್ದರಂತೆ. ಹೇಳುವವರಿಗೂ ಸುಲಭ, ಕೇಳುವವರಿಗೂ ಸಮಾಧಾನ. ನಾಲ್ಕನೆಯ ಸಲ ನವೀಕರಣಕ್ಕೆ ಬಂದ ಒಬ್ಬನ ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. “ನೀವು ಬರುತ್ತೆ ಅಂದಿದ್ರಿ. ಅದನ್ನ ನಂಬಿ ಮಾವನ ಅಂಗಡಿ ಲೆಕ್ಕ ಬರೆಯೋ ಕೆಲಸ ಬೇಡ ಅಂದಿದ್ದೆ” ಎಂದನಂತೆ. ದೂರಲಿಲ್ಲ, ಸುಮ್ಮನೆ ಹೇಳಿದ. ಅಂದಿನಿಂದ ಚಿಕ್ಕಮ್ಮ ಎಲ್ಲರಿಗೂ ಹೇಳತೊಡಗಿದರು: “ಇದೊಂದನ್ನೇ ನಂಬಿ ಕೂರಬೇಡಿ.”

ಸತ್ಯ ಹೇಳಿದ ಮೇಲೆ ಮನಸ್ಸು ಹಗುರವಾಗಬೇಕು. ಕೆಲವು ತಿಂಗಳು ಆಯಿತು ಕೂಡ. ಆಮೇಲೊಂದು ದಿನ ಅಪ್ಪನ ಜೊತೆ ಬಂದ ಹುಡುಗಿಗೂ ಅದನ್ನೇ ಹೇಳಿದರು. ಮಾರನೆಯ ದಿನ ಅವಳು ಒಬ್ಬಳೇ ಬಂದಳು. “ಅಪ್ಪನ ಎದುರಿಗೆ ಹೇಳಿಬಿಟ್ರಲ್ಲ ಮೇಡಂ. ಕೆಲಸ ಬರೋಲ್ಲ ಅಂತ ನಂಗೂ ಗೊತ್ತಿತ್ತು. ಕಾರ್ಡು ಇದೆ, ಇನ್ನೊಂದು ವರ್ಷ ನೋಡೋಣ ಅಂತ ಮದುವೆ ಮಾತು ಮುಂದೆ ಹಾಕಿದ್ರು. ಎಕ್ಸ್‌ಟರ್ನಲ್ ಆಗಿ ಬಿ.ಎ. ಕಟ್ಟಿದೀನಿ, ಅದನ್ನ ಮುಗಿಸ್ಕೊಳ್ತಿದ್ದೆ.” ಮತ್ತೆ ಅವಳು ಬರಲಿಲ್ಲ. ಎಷ್ಟೋ ವರ್ಷಗಳ ನಂತರ ನನಗೆ ಇದನ್ನು ಹೇಳುವಾಗ, ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಚಿಕ್ಕಮ್ಮನ ಕೈ ನಿಂತುಬಿಟ್ಟಿತ್ತು.

ಆ ಮೇಲೆ ಅವರು ಮತ್ತೆ ‘ಬರುತ್ತೆ’ ಎನ್ನಲು ಹೋಗಲಿಲ್ಲ. ಜೊತೆಯಲ್ಲಿ ದೊಡ್ಡವರು ಇದ್ದರೆ ನವೀಕರಣದ ತಾರೀಖು, ನಿಯಮ ಇಷ್ಟೇ ಹೇಳುತ್ತಿದ್ದರು. ಉಳಿದದ್ದನ್ನು ಆ ಹುಡುಗಿ ಒಬ್ಬಳೇ ಸಿಕ್ಕಾಗ ಹೇಳುವರು. “ಟೈಪಿಂಗ್ ಕಲಿ, ಟೈಲರಿಂಗ್ ಕಲಿ, ಕಾರ್ಡು ಪೆಟ್ಟಿಗೆಯಲ್ಲಿರಲಿ” ಎಂದು.

ಮಾತಿನಲ್ಲಿ ಇಷ್ಟು ಹಿಂದೆ ಮುಂದೆ ನೋಡುತ್ತಿದ್ದವರು ಸರದಿಯ ವಿಷಯದಲ್ಲಿ ಮಾತ್ರ ಕಲ್ಲು. 1992ರಲ್ಲಿ ನಾನು ಬಿ.ಎಡ್. ಮುಗಿಸಿ ಅಲ್ಲಿಯೇ ಹೆಸರು ಬರೆಸಿದೆ. “ಅಕ್ಕನ ಮಗಳದು ಒಂದು ಕಾರ್ಡು ಮುಂದಕ್ಕೆ ಇಟ್ಟರೆ ಏನು ಗಂಟು ಹೋಗುತ್ತೆ?” ಎಂದು ನನ್ನಮ್ಮ ಕೇಳಿದರು. “ಅವಳ ಮುಂದಿರೋ ಹುಡುಗಿಗೆ ಇಲ್ಲಿ ಚಿಕ್ಕಮ್ಮ ಇಲ್ಲವಲ್ಲ ಅಕ್ಕ” ಎಂದರು ಚಿಕ್ಕಮ್ಮ. ಎರಡು ಗೌರಿಹಬ್ಬ ನಮ್ಮನೆಯಿಂದ ಅವರಿಗೆ ಬಾಗಿನ ಹೋಗಲಿಲ್ಲ. ಸುಳ್ಳೇಕೆ ಹೇಳಲಿ, ಆ ಸಿಟ್ಟು ನನ್ನಲ್ಲೂ ಇತ್ತು. ಕೇಂದ್ರದಿಂದ ಬಂದ ಹೆಸರುಗಳಷ್ಟೇ ಸಾಲದು, ಪತ್ರಿಕೆಯಲ್ಲೂ ಪ್ರಕಟಿಸಿ ಅರ್ಜಿ ಹಾಕಿದವರನ್ನೆಲ್ಲ ಪರಿಗಣಿಸಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದರ ಮರುವರ್ಷ ನನಗೆ ಕೆಲಸ ಸಿಕ್ಕಿತು. ಅದೂ ಪತ್ರಿಕೆಯ ಜಾಹೀರಾತು ನೋಡಿ, ಒಂದು ಅನುದಾನಿತ ಪ್ರೌಢಶಾಲೆಯಲ್ಲಿ. ಚಿಕ್ಕಮ್ಮ ಮೈಸೂರ್‌ಪಾಕು ಮಾಡಿ ತಂದರು. ಅಮ್ಮ ಏನೂ ಆಗದವರಂತೆ ಡಬ್ಬಿ ತೆಗೆದಿಟ್ಟರು.

ಈಗ ಚಿಕ್ಕಮ್ಮ ಇಲ್ಲ. 2015ರಲ್ಲಿ ಬಂದ ರಾಷ್ಟ್ರೀಯ ವೃತ್ತಿ ಸೇವೆಯಲ್ಲಿ ಮನೆಯಿಂದಲೇ ಹೆಸರು ನೋಂದಾಯಿಸಬಹುದು. ಕಿಟಕಿಯ ಮುಂದೆ ನಿಲ್ಲಬೇಕಿಲ್ಲ. ಆದರೆ ಆ ಪ್ರಶ್ನೆ ಎಲ್ಲಿಗೆ ಹೋಗುತ್ತದೆ? ಅದು ಈಗ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತದೆ.

ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಒಬ್ಬರು ತಂದೆ ಮಗಳ ಟಿ.ಸಿ. ತೆಗೆದುಕೊಳ್ಳಲು ಬಂದಿದ್ದರು. “ಮೇಡಂ, ಇವಳನ್ನ ಮುಂದೆ ಓದಿಸಿದ್ರೆ ಕೆಲಸ ಗ್ಯಾರಂಟಿನಾ? ನೀವೇ ಹೇಳಿ” ಎಂದರು. ಗ್ಯಾರಂಟಿ ಇಲ್ಲವೆಂದು ನನಗೆ ಗೊತ್ತು. ಅವರ ಬೆನ್ನ ಹಿಂದೆ ನಿಂತ ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಳು. “ಅಂಕ ಚೆನ್ನಾಗಿ ಬಂದಿದೆ. ಪಿ.ಯು.ಸಿ. ಅರ್ಜಿಗೆ ಇನ್ನು ನಾಲ್ಕೇ ದಿನ ಇರೋದು. ಬನ್ನಿ, ತುಂಬಿಸಿಬಿಡೋಣ” ಎಂದೆ.

ಸುಳ್ಳನ್ನಂತೂ ಹೇಳಲಿಲ್ಲ. ಆದರೆ ನನ್ನನ್ನು ನಂಬಿ ಕೇಳಿದ ಮನುಷ್ಯನಿಗೆ ಉತ್ತರವನ್ನೂ ಕೊಡಲಿಲ್ಲ. ಕೂಲಿ ಮಾಡಿ ಫೀಜು ಕಟ್ಟಬೇಕಾದವರು ಅವರು. ಹುಡುಗಿ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ದಾರಿಯಲ್ಲಿ ಸಿಕ್ಕಾಗಲೆಲ್ಲ ನಗುತ್ತಾಳೆ. ಅವಳ ತಂದೆ ಸಿಕ್ಕರೆ ಮಾತ್ರ ನನಗೆ ಕಣ್ಣೆತ್ತಿ ನೋಡಲು ಸ್ವಲ್ಪ ಹೊತ್ತು ಬೇಕಾಗುತ್ತದೆ.